ಹೆಸರು ಮೂರು, ಮನೆತನ ಒಂದೇ

ಕೇಳುಗರಿಗೆ ನಮಸ್ಕಾರ.

ಸಿಸಿಟಿವಿ ಅಂದ ತಕ್ಷಣ ನಮಗೆ ನೆನಪಾಗುವುದು ಅಂಗಡಿ ಮೂಲೆಯಲ್ಲಿ ನೇತಾಡುವ ಕ್ಯಾಮೆರಾ, ಅಲ್ವಾ? ಚೀನಾದವರಿಗೆ ಅದು ಸರ್ಕಾರಿ ಟಿವಿ. 1958ರಲ್ಲಿ ಬೀಜಿಂಗ್ ಟೆಲಿವಿಷನ್ ಅಂತ ಶುರುವಾಗಿ, 1978ರಲ್ಲಿ ಈ ಹೆಸರು ಪಡೆಯಿತು.

ಹೊರದೇಶಗಳಲ್ಲಿ ನೆಲೆಸಿದ ತನ್ನ ಜನರಿಗಾಗಿ 1992ರಲ್ಲಿ ಅದು ಚೀನೀ ಭಾಷೆಯಲ್ಲೇ ಒಂದು ಚಾನೆಲ್ ತೆರೆಯಿತು. ಇಂಗ್ಲಿಷ್ ಚಾನೆಲ್ ಬಂದದ್ದು 2000ದ ಸೆಪ್ಟೆಂಬರ್‌ನಲ್ಲಿ. ಹೆಸರು ಸಿಸಿಟಿವಿ ನೈನ್. ವಾರ್ತೆ ಓದಲು ವಿದೇಶಿಯರನ್ನೂ ಕರೆಸಿದರು. ಆಸ್ಟ್ರೇಲಿಯಾದ ಟಿವಿಯಲ್ಲಿ ವರ್ಷಗಟ್ಟಲೆ ಮಳೆ-ಬಿಸಿಲಿನ ಸುದ್ದಿ ಹೇಳಿದ್ದ ಎಡ್ವಿನ್ ಮಾಹರ್ ಬೀಜಿಂಗ್‌ಗೆ ಹೋಗಿ ಅಲ್ಲಿನ ಸುದ್ದಿ ಓದಿದರು. ದನಿ ಹೊರಗಿನದು, ಬರಹ ಒಳಗಿನದು.

ಹಣಕ್ಕಂತೂ ಕೊರತೆ ಇರಲಿಲ್ಲ. ಬೀಜಿಂಗ್‌ನಲ್ಲಿ ಸಿಸಿಟಿವಿಗೆ 234 ಮೀಟರ್ ಎತ್ತರದ ಹೊಸ ಕಚೇರಿ ಎದ್ದಿತು. ಓರೆಯಾಗಿ ನಿಂತ ಎರಡು ಗೋಪುರ, ಮೇಲೆ ಅವನ್ನು ಜೋಡಿಸುವ ಭಾಗ. ಊರಿನವರು ನೋಡಿ ಇಟ್ಟ ಅಡ್ಡಹೆಸರು 'ದೊಡ್ಡ ಚಡ್ಡಿ'! ಎಷ್ಟು ಖರ್ಚು ಮಾಡಿದರೇನು, ಜನರ ಬಾಯಿ ಮುಚ್ಚಿಸೋಕಾಗುತ್ತಾ?

2010ರಲ್ಲಿ ಇಂಗ್ಲಿಷ್ ಚಾನೆಲ್ಲಿನ ಹೆಸರು ಸಿಸಿಟಿವಿ ನ್ಯೂಸ್ ಆಯಿತು. 2012ರಲ್ಲಿ ನೈರೋಬಿ ಮತ್ತು ವಾಷಿಂಗ್ಟನ್‌ನಲ್ಲಿ ಸ್ಟುಡಿಯೋ ಬಂದವು. ನನಗೆ ಮುಖ್ಯ ಅನ್ನಿಸುವುದು 2016. ಆ ಫೆಬ್ರವರಿಯಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಸಿಸಿಟಿವಿಗೆ ಬಂದಾಗ ಅಲ್ಲಿನ ಪರದೆಯ ಮೇಲೆ ಹೀಗೊಂದು ಸಾಲು ಕಾಣಿಸಿತು: ಸಿಸಿಟಿವಿಯ ಮನೆತನದ ಹೆಸರು ಪಕ್ಷ. ಪಕ್ಷ ಅಂದರೆ ಚೀನಾವನ್ನು ಆಳುವ ಕಮ್ಯುನಿಸ್ಟ್ ಪಕ್ಷ. ಅದೇ ವರ್ಷ ಡಿಸೆಂಬರ್ 31ಕ್ಕೆ ಇಂಗ್ಲಿಷ್ ಚಾನೆಲ್ ಮತ್ತೆ ಹೆಸರು ಬದಲಿಸಿ ಸಿಜಿಟಿಎನ್, ಅಂದರೆ ಚೀನಾ ಗ್ಲೋಬಲ್ ಟೆಲಿವಿಷನ್ ನೆಟ್‌ವರ್ಕ್ ಆಯಿತು. ಸಿಸಿಟಿವಿ ಅನ್ನೋ ಮಾತೇ ಬೋರ್ಡಿನಿಂದ ಮಾಯ.

ಬೋರ್ಡು ಬದಲಾದರೂ ಬ್ರಿಟನ್ನಿನವರು ಮನೆತನವನ್ನೇ ಕೇಳಿದರು. ರಾಜಕೀಯ ಪಕ್ಷದ ಹಿಡಿತದಲ್ಲಿರುವ ಸಂಸ್ಥೆಗೆ ಅಲ್ಲಿ ಪ್ರಸಾರದ ಲೈಸೆನ್ಸ್ ಸಿಗುವುದಿಲ್ಲ. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಪರಿಶೀಲಿಸಿದಾಗ, ಸಿಜಿಟಿಎನ್ ಲೈಸೆನ್ಸ್ ಒಬ್ಬರ ಹೆಸರಲ್ಲಿ, ಏನು ತೋರಿಸಬೇಕು ಅನ್ನೋ ತೀರ್ಮಾನ ಇನ್ನೊಬ್ಬರದು ಅಂತ ಗೊತ್ತಾಯಿತು. 2021ರ ಫೆಬ್ರವರಿ 4ರಂದು ಲೈಸೆನ್ಸ್ ರದ್ದು. ಒಂದು ವಾರದಲ್ಲೇ ಚೀನಾ ಬಿಬಿಸಿ ವರ್ಲ್ಡ್ ನ್ಯೂಸ್‌ಗೆ ನಿಷೇಧ ಹಾಕಿತು. ಅಲ್ಲಿನ ಸಾಮಾನ್ಯ ಮನೆಗಳಲ್ಲಿ ಬಿಬಿಸಿ ಮೊದಲೂ ಬರುತ್ತಿರಲಿಲ್ಲ. ದೊಡ್ಡ ಹೋಟೆಲ್ಲುಗಳ ಕೋಣೆಯಲ್ಲಿ ಬರುತ್ತಿತ್ತು, ಅದೂ ಚೀನಾಕ್ಕೆ ಇರುಸುಮುರುಸಾಗುವ ಸುದ್ದಿ ಬಂದರೆ ಪರದೆ ಥಟ್ಟನೆ ಕಪ್ಪಾಗುತ್ತಿತ್ತು.