ಮುಂದಿನ ಗಾಲಿಯ ಹಿಂದಿನ ರಬ್ಬರ್ ಬೂಟು

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿದ್ದೆ. ಪೇಟೆಯಲ್ಲಿ ಕಾರು ತಿರುಗಿಸಲು ಸ್ಟೇರಿಂಗ್ ಪೂರ್ತಿ ಎಳೆದೆ ನೋಡಿ, ಮುಂದಿನ ಗಾಲಿಯಿಂದ ಕಟ್ ಕಟ್ ಕಟ್ ಎಂಬ ಸದ್ದು. ನೇರ ಓಡಿಸಿದರೆ ಏನೂ ಇಲ್ಲ. ಮೆಕ್ಯಾನಿಕ್ ಗಾಲಿ ಬಿಚ್ಚಿ, ಹರಿದ ರಬ್ಬರ್ ಬೂಟಿನೊಳಗೆ ಬೆರಳು ಹಾಕಿದರು. "ಗ್ರೀಸೇ ಇಲ್ಲ ಮಾರಾಯ್ರೇ, ಬರೀ ಕೆಸರು" ಎಂದರು. ಮುಟ್ಟಿ ನೋಡಿದೆ. ಕೆಂಪಗೆ, ತರಿತರಿಯಾಗಿತ್ತು.

ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು. ಅಲ್ಲಿ ಎಡಕ್ಕೊಂದು, ಬಲಕ್ಕೊಂದು ಆಕ್ಸಲ್, ಅಂದರೆ ಗಾಲಿ ತಿರುಗಿಸುವ ಸರಳು. ಒಂದೊಂದರ ಎರಡೂ ತುದಿಗೆ ಸಿವಿ ಜಾಯಿಂಟ್, ಅಂದರೆ ತಿರುಗುತ್ತಲೇ ಬಾಗಬಲ್ಲ ಕೀಲು. ಗಾಲಿ ಎತ್ತ ತಿರುಗಿದರೂ, ಗುಂಡಿಗೆ ಬಿದ್ದು ಎದ್ದರೂ ತಿರುಗುವ ಬಲ ಗಾಲಿಗೆ ಮುಟ್ಟುವುದು ಇದರಿಂದಲೇ. ಗಾಲಿ ಕಡೆಯ ಜಾಯಿಂಟಿನೊಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳಿರುತ್ತವೆ. ಅವುಗಳ ಗ್ರೀಸ್ ಹೊರಗೆ ಹೋಗದಂತೆ, ಮಣ್ಣು ನೀರು ಒಳಗೆ ಬಾರದಂತೆ ಕಾಯುವ ರಬ್ಬರ್ ಹೊದಿಕೆಯೇ ಈ ಬೂಟು. ಶ್ರುತಿಪೆಟ್ಟಿಗೆಯ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಗಾಲಿ ಕಡೆಯ, ಅಂದರೆ ಹೊರಗಿನ ಬೂಟು ಜಾಸ್ತಿ ಮಡಚುತ್ತದೆ, ಹಾಗಾಗಿ ಸಾಮಾನ್ಯವಾಗಿ ಮೊದಲು ಹರಿಯುವುದೂ ಅದೇ.

ನೋಡುವುದು ಕಷ್ಟವಲ್ಲ. ಸಮತಟ್ಟು ಅಂಗಳದಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಯ ಹಿಂದೆ ಟಾರ್ಚ್ ಬಿಡಿ. ಮಡಿಕೆಯ ಮೇಲ್ಭಾಗ ಅಲ್ಲ, ಮಡಿಕೆಯ ಸಂದು ನೋಡಬೇಕು. ಬಿರುಕು ಅಡಗಿರುವುದು ಅಲ್ಲಿ. ಬೂಟು ಬಿಗಿದ ಕ್ಲಿಪ್ ಸಡಿಲವಾಗಿದೆಯಾ? ಗಾಲಿಯ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದೆಯಾ? ಸಿಡಿದಿದ್ದರೆ ಬೂಟು ಹರಿದಿದೆ ಎಂದೇ ತಿಳಿಯಿರಿ. ಇನ್ನೊಂದು ಕಡೆಗೂ ತಿರುಗಿಸಿ ನೋಡಿ. ಒಳಗಿನ ಎರಡು ಬೂಟು ಹೀಗೆ ಸರಿಯಾಗಿ ಕಾಣುವುದಿಲ್ಲ, ಸರ್ವಿಸ್‌ನಲ್ಲಿ ಕಾರು ಮೇಲೆತ್ತಿದಾಗ ತೋರಿಸಲು ಹೇಳಿ. ಬರೀ ಜಾಕ್ ನಂಬಿ ಕಾರಿನಡಿಗೆ ಮಾತ್ರ ಹೋಗಬೇಡಿ.

ಸದ್ದು ಬರುವ ಮೊದಲೇ ಸಿಕ್ಕರೆ ಜಾಯಿಂಟ್ ಉಳಿಯಬಹುದು. ಬಿಚ್ಚಿ, ಹಳೇ ಗ್ರೀಸ್ ಪೂರ್ತಿ ತೊಳೆದು, ಹೊಸ ಬೂಟು, ಹೊಸ ಕ್ಲಿಪ್, ಸಿವಿ ಜಾಯಿಂಟಿನದೇ ಗ್ರೀಸ್ ಹಾಕಿದರೆ ಆಯ್ತು. ಹರಿದ ಜಾಗಕ್ಕೆ ಟೇಪ್ ಸುತ್ತುವುದು ಸುಮ್ನೆ ದಂಡ. ಗ್ರೀಸಿಗೆ ಅಂಟು ಹಿಡಿಯುವುದಿಲ್ಲ, ಹೊಕ್ಕ ಮಣ್ಣು ಒಳಗೇ ಅರೆಯುತ್ತಿರುತ್ತದೆ. ಕಟಕಟ ಶುರುವಾದ ಮೇಲೆ ಬೂಟು ಬದಲಿಸಿದರೂ ಸವೆದ ಗುಂಡು ಸರಿಯಾಗದು. ನಾನು ಜಾಯಿಂಟನ್ನೇ ಬದಲಿಸಬೇಕಾಯಿತು.

ಈಗ ಮೇ ತಿಂಗಳ ಕೊನೆಗೆ, ಅಂಗಳ ಇನ್ನೂ ಒಣಗಿರುವಾಗಲೇ, ಟಾರ್ಚ್ ಹಿಡಿದು ಗಾಲಿಯ ಪಕ್ಕ ಕೂರುತ್ತೇನೆ. ಹತ್ತು ನಿಮಿಷ ಸಾಕು.