ಪಾಲಮೋಸ್: ಕೂಗಾಟವಿಲ್ಲದ ಮೀನು ಏಲಂ

ಸಂಜೆ ಐದರ ಹೊತ್ತು. ಅಗೋ, ದೂರದಲ್ಲಿ ಒಂದರ ಹಿಂದೆ ಒಂದು ಬರ್ತಿವೆಯಲ್ಲ, ಅವೆಲ್ಲ ಟ್ರಾಲ್ ಬೋಟುಗಳು, ಸಮುದ್ರದ ತಳದಲ್ಲಿ ಬಲೆ ಎಳೆದು ಮೀನು ಹಿಡಿಯೋವು. ಬೆಳಗಿನ ಜಾವ ಹೊರಟವು ಈಗ ವಾಪಸ್ಸು.

ಇದು ಪಾಲಮೋಸ್. ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಕೋಸ್ತಾ ಬ್ರಾವಾ ಅನ್ನೋ ಕರಾವಳಿಯಲ್ಲಿದೆ. ಬಾರ್ಸಿಲೋನಾದಿಂದ ರೈಲು ಇಲ್ಲ, ಬಸ್ಸೇ ಗತಿ. 1279ರಲ್ಲಿ ರಾಜನ ಅಪ್ಪಣೆಯಿಂದ ಹುಟ್ಟಿದ ಬಂದರು ಇದು. ಇಳಿದ ತಕ್ಷಣ ಬೀಚು, ಅದರ ಬೆನ್ನಿಗೆ ಅಪಾರ್ಟ್‌ಮೆಂಟುಗಳ ಸಾಲು. ಇಷ್ಟಕ್ಕೇನಾ ಇಷ್ಟು ದೂರ ಬಂದಿದ್ದು ಅನ್ಸುತ್ತೆ. ಬೀಚು ಬಿಡಿ, ಸೀದಾ ದಕ್ಕೆಗೆ ನಡೀರಿ.

ಮಲ್ಪೆಯಲ್ಲೋ ಮಂಗಳೂರಿನಲ್ಲೋ ಮೀನು ಏಲಂ ನೋಡಿದವರಿಗೆ ಇಲ್ಲಿ ಕಿವಿ ಕೆಪ್ಪಾಯ್ತೇನೋ ಅನ್ನಿಸಬಹುದು. ಯಾರೂ ಕೂಗೋದಿಲ್ಲ. ಬೆಲ್ಟಿನ ಮೇಲೆ ಮೀನಿನ ಪೆಟ್ಟಿಗೆಗಳು ಸಾಗ್ತಾ ಇರ್ತವೆ, ಮೇಲೆ ಪರದೆಯಲ್ಲಿ ದರ ಓಡ್ತಾ ಇರುತ್ತೆ. ಅದೂ ಏರೋದಲ್ಲ, ಇಳಿಯೋದು! ವ್ಯಾಪಾರಿಗಳ ಕೈಯಲ್ಲಿ ಒಂದೊಂದು ರಿಮೋಟು. ಮೊದಲು ಒತ್ತಿದವನಿಗೆ ಮಾಲು. ಕಾದರೆ ಅಗ್ಗ, ಜಾಸ್ತಿ ಕಾದರೆ ಇನ್ನೊಬ್ಬನ ಪಾಲು. ನಾವು ಮೇಲಿನ ಗ್ಯಾಲರಿಯಿಂದ ನೋಡಬಹುದು. ಕೆಳಗಿರೋರು ಯಾರೂ ನಮ್ಮ ಕಡೆ ತಲೆ ಎತ್ತೋದಿಲ್ಲ, ಅದೇ ನನಗೆ ಹಿಡಿಸಿದ್ದು. ನಾವು ಬರಲಿ ಬಿಡಲಿ, ಏಲಂ ನಡೆಯುತ್ತೆ.

ಎಲ್ಲರ ಕಣ್ಣು ಈ ಕೆಂಪು ಸಿಗಡಿ ಮೇಲೆ. ಹಸಿಯಾಗಿದ್ದಾಗಲೇ ಇಷ್ಟು ಕೆಂಪು, ಬೇಯಿಸಿದ್ದಲ್ಲ. ದಡದಿಂದ ಹೆಚ್ಚು ದೂರ ಇಲ್ಲದೆಯೇ ಸಮುದ್ರದೊಳಗೆ ಒಂದು ದೊಡ್ಡ ಕಮರಿ ಇದೆ. ನೂರಾರು ಮೀಟರ್ ಆಳದಲ್ಲಿ, ಅಲ್ಲೇ ಇದರ ವಾಸ. 2013ರಿಂದ ಇದಕ್ಕೆ ಪ್ರತ್ಯೇಕ ನಿಯಮ ಬಂತು. ಮೀನುಗಾರರೂ ವಿಜ್ಞಾನಿಗಳೂ ಕೂತು ಮಾತಾಡಿ ಮಾಡಿಕೊಂಡಿದ್ದು: ಚಳಿಗಾಲದಲ್ಲಿ ಎರಡು ತಿಂಗಳು ಸಿಗಡಿಗೆ ರಜೆ, ಬಲೆಯ ಕಣ್ಣೂ ದೊಡ್ಡದು. ನಮ್ಮಲ್ಲಿ ಜೂನ್, ಜುಲೈ ಬೋಟು ದಡ ಸೇರುತ್ತಲ್ಲ, ಹಾಗೇ. ವ್ಯತ್ಯಾಸ ಅಂದ್ರೆ ಇಲ್ಲಿ ಮಳೆಗಾಲದ ನೆಪ ಇಲ್ಲ.

ಪ್ಲೇಟಿನಲ್ಲಿ ಇದರ ರೇಟು ಕೇಳಬೇಡಿ. ನಾನು ತಿಂದದ್ದು ಸುಕೆಟ್. ಮಾರಾಟವಾಗದೆ ಉಳಿದ ಮೀನಿಗೆ ಆಲೂಗಡ್ಡೆ ಹಾಕಿ ಬೋಟಿನಲ್ಲೇ ಕುದಿಸ್ತಿದ್ದ ಸಾರು ಅದು. ಬೆಳ್ಳುಳ್ಳಿ, ಬಾದಾಮಿ ಅರೆದು ಹಾಕ್ತಾರೆ. ಬಡವರ ಸಾರು ಈಗ ಬಿಳಿ ಮೇಜುಬಟ್ಟೆಯ ಮೇಲೆ ಕೂತಿದೆ, ರೇಟೂ ಅದಕ್ಕೆ ತಕ್ಕಂತೆ. ಬಂದರಲ್ಲೇ ಮೀನುಗಾರಿಕೆಯ ಮ್ಯೂಸಿಯಂ ಇದೆ. ಅವರದೇ ಅಡುಗೆಮನೆಯಲ್ಲಿ ಯಾರೂ ಕೇಳದ ಅಗ್ಗದ ಮೀನುಗಳನ್ನ ಅಡುಗೆ ಮಾಡಿ ತೋರಿಸ್ತಾರೆ, ರುಚಿಗೂ ಕೊಡ್ತಾರೆ. ಸಿಗಡಿಗಿಂತ ಇದಕ್ಕೆ ಹೋಗಿ ಅಂತೀನಿ.

ಪಕ್ಕದ ಕಲೆಲ್ಯಾ ಊರಲ್ಲಿ ಜುಲೈನಲ್ಲಿ ಹವನೇರಾ ಹಾಡುಗಳ ರಾತ್ರಿ. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯೂಬಾಕ್ಕೆ ಹೋಗಿಬಂದ ನಾವಿಕರ ಜೊತೆ ಬಂದ ರಾಗಗಳಿವು. ಹೆಂಡದಂಗಡಿಯಲ್ಲಿ ಹಾಡ್ತಿದ್ದದ್ದು 1967ರಿಂದ ಕಡಲತೀರದ ವೇದಿಕೆ ಏರಿತು. ರಮ್ಮಿಗೆ ಸಕ್ಕರೆ, ಚಕ್ಕೆ, ನಿಂಬೆ ಸಿಪ್ಪೆ, ಕಾಫಿ ಬೀಜ ಹಾಕಿ ಬೆಂಕಿ ಹಚ್ಚಿ ಕುಡೀತಾರೆ. ಜನಜಂಗುಳಿ ಸಿಕ್ಕಾಪಟ್ಟೆ. ಹಾಡು ಚೆನ್ನ, ಆದರೆ ಅಲ್ಲಿ ಎಲ್ಲರಿಗೂ ಗೊತ್ತು ತಮ್ಮನ್ನ ನೋಡೋಕೆ ಬಂದಿದ್ದಾರೆ ಅಂತ.

ಪಾಲಮೋಸ್‌ನಿಂದ ಉತ್ತರಕ್ಕೆ ನಡೆದರೆ ಕಾಸ್ಟೆಲ್ ಅನ್ನೋ ಬೀಚು. ಈಗ ನಿಮ್ಮ ಮುಂದಿನ ಪರದೆ ಮೇಲೆ ಕಾಣ್ತಿರೋದು ಅದೇ ಬೀಚು. ಒಂದು ಹೋಟೆಲ್ಲೂ ಕಾಣಿಸ್ತಿಲ್ಲ, ಅಲ್ವಾ? ಇಲ್ಲಿ ಗಾಲ್ಫ್ ಮೈದಾನ, ಐಷಾರಾಮಿ ಮನೆ ಕಟ್ಟೋ ಯೋಜನೆ ಇತ್ತು. 1994ರಲ್ಲಿ ಊರವರೇ ವೋಟು ಹಾಕಿ ಬೇಡ ಅಂದ್ರು. ಅಲ್ಲೇ ಹತ್ತಿರ ಸಲ್ಗೇ (S'Alguer) ಅನ್ನೋ ಪುಟ್ಟ ಕೊಲ್ಲಿ, ಬಣ್ಣಬಣ್ಣದ ಬಾಗಿಲಿನ ಹಳೇ ಮೀನುಗಾರರ ಗುಡಿಸಲುಗಳು. ನಡೆಯೋ ದಾರಿ ಕೂಡ ಹಳೆಯದು, ಕಳ್ಳಸಾಗಣೆಯವರನ್ನ ಹಿಡಿಯೋಕೆ ಪೊಲೀಸರು ಓಡಾಡ್ತಿದ್ದದ್ದು.

ಬರೋದಾದ್ರೆ ಸೋಮವಾರದಿಂದ ಶುಕ್ರವಾರದೊಳಗೆ ಬನ್ನಿ. ಶನಿವಾರ, ಭಾನುವಾರ ಟ್ರಾಲ್ ಬೋಟುಗಳು ಕದಲೋದಿಲ್ಲ, ಏಲಂ ಇರೋದಿಲ್ಲ.