ಮನೆಯಂಗಳದಿಂದ ನೀರಿನವರೆಗೆ: ಕ್ಯಾಬಿನ್ ಇರುವ ಸಣ್ಣ ಹಾಯಿದೋಣಿಯ ಆಯ್ಕೆ

ಅಧ್ಯಕ್ಷರಿಗೂ, ಹಿರಿಯರಿಗೂ, ರಜೆಯ ಮಧ್ಯಾಹ್ನವನ್ನು ಈ ಮಾತಿಗಾಗಿ ಎತ್ತಿಟ್ಟು ಬಂದಿರುವ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ನೆಲೆಸಿರುವ ನಮಗೆ ಚೆಸಪೀಕ್ ಕೊಲ್ಲಿ ಹೊಸ್ತಿಲಲ್ಲೇ ಇದೆ. ಅದರ ಉದ್ದ ಸುಮಾರು 200 ಮೈಲಿ, ಆದರೆ ಸರಾಸರಿ ಆಳ ಸುಮಾರು 21 ಅಡಿ ಮಾತ್ರ. ಅದಕ್ಕೆ ಬಂದು ಸೇರುವ ಹೊಳೆಗಳ ಒಳಮೂಲೆಗಳಲ್ಲಿ, ರಾತ್ರಿ ಲಂಗರು ಹಾಕಿ ಮಲಗಲು ಹೇಳಿ ಮಾಡಿಸಿದಂತಿರುವ ಜಾಗಗಳಲ್ಲಿ, ನೀರು ಎಷ್ಟೋ ಕಡೆ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ಕಾರಿನ ಹಿಂದೆ ಟ್ರೇಲರಿನಲ್ಲಿ ಎಳೆದುಕೊಂಡು ಹೋಗಬಹುದಾದ, ಒಳಗೆ ಮಲಗಲು ಕ್ಯಾಬಿನ್ ಇರುವ ಹಾಯಿದೋಣಿ ಇಂಥ ನೀರಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಯಾವುದನ್ನು ಕೊಳ್ಳಬೇಕು ಎಂದು ನನ್ನನ್ನು ಕೇಳುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಒಳಗೆ ಎಷ್ಟು ಜನ ಮಲಗಬಹುದು? ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮನೆಯಂಗಳದಿಂದ ಹೊರಟ ದೋಣಿ ಹಾಯಿ ಬಿಚ್ಚುವ ಹೊತ್ತಿಗೆ ಎಷ್ಟು ಸಮಯ, ಎಷ್ಟು ಕೈಗಳು, ಎಷ್ಟು ಶ್ರಮ ಬೇಕಾಯಿತು ಎಂಬುದೇ ಮೊದಲ ಪ್ರಶ್ನೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಮೊದಲು ಕೊಂಡದ್ದು 22 ಅಡಿಯ ದೋಣಿ. ಅಂಗಳದಲ್ಲಿ ನಿಂತಿದ್ದಾಗ ಅದರ ಕ್ಯಾಬಿನ್ ನಮ್ಮ ನಾಲ್ವರ ಸಂಸಾರಕ್ಕೆ ಹಿಡಿಸುವ ಪುಟ್ಟ ಮನೆಯಂತೆ ಕಂಡಿತ್ತು. ಆದರೆ ಹಾಯಿ ಕಟ್ಟುವ ಕೂವೆಕಂಬ ಎತ್ತಿ, ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳನ್ನು ಬಿಗಿದು, ಚುಕ್ಕಾಣಿ ಸಿಕ್ಕಿಸಿ, ಮೋಟಾರು ಇಳಿಸಿ, ದೋಣಿಯನ್ನು ನೀರಿಗೆ ಬಿಡುವಷ್ಟರಲ್ಲಿ ಎರಡು ಗಂಟೆ ಹಿಡಿಯುತ್ತಿತ್ತು. ಸಂಜೆ ಅಷ್ಟೇ ಕೆಲಸ ತಿರುಗುಮುರುಗಾಗಿ ಕಾದಿರುತ್ತಿತ್ತು. ಆ ಇಡೀ ಬೇಸಿಗೆಯಲ್ಲಿ ನಾವು ನೀರಿಗಿಳಿದದ್ದು ನಾಲ್ಕೇ ಸಲ. ಮಕ್ಕಳು, ದೋಣಿ ಇಳಿಸುವ ಇಳಿಜಾರಾದ ರ್‍ಯಾಂಪಿನ ಬಿಸಿಲಿನಲ್ಲಿ ಕಾದು ಕಾದು ಬೇಸತ್ತ ಆ ಮುಖಗಳನ್ನು ನಾನು ಮರೆತಿಲ್ಲ.

ತೂಕದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಫ್ರಾಂಕ್ ಬಟ್ಲರ್ ರೂಪಿಸಿದ ಕ್ಯಾಟಲೀನಾ 22 ಈ ವರ್ಗದಲ್ಲಿ ಬಹುಶಃ ಅತ್ಯಂತ ಪರಿಚಿತವಾದ ದೋಣಿ. 15,000ಕ್ಕೂ ಹೆಚ್ಚು ತಯಾರಾಗಿವೆ, ಹಾಗಾಗಿ ಹಳೆಯದು ಸುಲಭವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಅದರ ತೂಕ ಸುಮಾರು 2,250 ಪೌಂಡ್. ಟ್ರೇಲರಿನದು 800ರಿಂದ 1,000 ಪೌಂಡ್ ಎಂದಿಟ್ಟುಕೊಳ್ಳಿ. ಮೋಟಾರು, ಬ್ಯಾಟರಿ, ಲಂಗರು, ಕುಡಿಯುವ ನೀರು, ಹಾಸಿಗೆ, ಅಡುಗೆ ಸಾಮಾನು ಸೇರಿದರೆ ಮೊತ್ತ 3,500 ಪೌಂಡನ್ನು ಮುಟ್ಟುತ್ತದೆ. ನಮ್ಮಲ್ಲಿ ಬಹಳ ಜನ ಓಡಿಸುವ ಮಿನಿವ್ಯಾನುಗಳ ಎಳೆಯುವ ಮಿತಿಯೂ ಸರಿಯಾಗಿ ಅಷ್ಟೇ. ಮಿತಿಯ ಅಂಚಿನಲ್ಲಿ, ತುಂಬಿದ ಸಂಸಾರವನ್ನು ಕೂರಿಸಿಕೊಂಡು, ಹೆದ್ದಾರಿಯಲ್ಲಿ ಬ್ರೇಕ್ ಹಾಕಬೇಕಾದ ಪ್ರಸಂಗ ಯಾರಿಗೂ ಬರಬಾರದು. ವೆಸ್ಟ್ ವೈಟ್ ಪಾಟರ್ 19 ಸುಮಾರು 1,225 ಪೌಂಡ್, ಲೈಲ್ ಹೆಸ್ ರೂಪಿಸಿದ ಮಾಂಟ್‌ಗೊಮರಿ 17 ಸುಮಾರು 1,550 ಪೌಂಡ್. ಇವನ್ನು ಅದೇ ವಾಹನ ನಿರಾಳವಾಗಿ ಎಳೆಯುತ್ತದೆ. ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆ ಎಂಬುದು ನಿಜವೇ, ಆದರೆ ನೀರಿಗೆ ತಾಗುವ ಉದ್ದ 16 ಅಡಿ ಇದ್ದ ದೋಣಿ ಹೆಚ್ಚೆಂದರೆ ಸುಮಾರು 5.4 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ) ವೇಗದಲ್ಲಿ ಹೋದರೆ, 19 ಅಡಿಯದು ಹೋಗುವುದು 5.8 ನಾಟ್ ವೇಗದಲ್ಲಿ. ಇಷ್ಟಕ್ಕಾಗಿ ಸಾವಿರ ಪೌಂಡ್ ಹೆಚ್ಚು ಹೊರುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಕೀಲ್, ಅಂದರೆ ದೋಣಿಯ ಅಡಿಯಲ್ಲಿ ನೀರೊಳಗೆ ಇಳಿದು ಅದು ಪಕ್ಕಕ್ಕೆ ಜಾರದಂತೆ, ಮಗುಚದಂತೆ ಹಿಡಿಯುವ ಭಾಗ. ದೋಣಿಯ ಸ್ವಭಾವವೆಲ್ಲ ಅಡಗಿರುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಂಪ್ಯಾಕ್ 16ರಲ್ಲಿರುವಂಥ ಕದಲದ, ಗಿಡ್ಡನೆಯ ಕೀಲ್ ಇದ್ದರೆ ಕೆಡುವಂಥ ಭಾಗವೇ ಇಲ್ಲ, ಕ್ಯಾಬಿನ್ನಿನ ನಡುವೆ ಅಡ್ಡಿಯೂ ಇಲ್ಲ. ಆದರೆ ಹದಿನೆಂಟು ಇಂಚಿನ ಆ ಕೀಲ್ ದೋಣಿಯನ್ನು ಟ್ರೇಲರಿನ ಮೇಲೆ ಎತ್ತರದಲ್ಲಿ ಕೂರಿಸುತ್ತದೆ, ಆದ್ದರಿಂದ ಅದನ್ನು ತೇಲಿಸಲು ರ್‍ಯಾಂಪಿನಲ್ಲಿ ಹೆಚ್ಚು ಆಳಕ್ಕೆ ಇಳಿಯಬೇಕು. ಪಾಟರ್‌ನಲ್ಲಿ ಉಕ್ಕಿನ ಹಲಗೆಯಂಥ ಕೀಲ್ ನೇರವಾಗಿ ಮೇಲೆ ಏಳುತ್ತದೆ. ದಡದ ಮರಳಿನವರೆಗೂ ಹೋಗಬಹುದು, ಆದರೆ ಓಡುವಾಗ ಅದು ನೆಲಕ್ಕೆ ಬಡಿದರೆ ಮಡಚಿಕೊಳ್ಳುವುದಿಲ್ಲ, ಪೆಟ್ಟನ್ನೆಲ್ಲ ದೋಣಿಯ ಒಡಲೇ ತಿನ್ನಬೇಕು. ಕ್ಯಾಟಲೀನಾದ ತೂಗುಕೀಲ್ 550 ಪೌಂಡಿನ ಎರಕದ ಕಬ್ಬಿಣ. ಒಂದೇ ಪಿನ್ನಿನ ಮೇಲೆ ತಿರುಗಿ, ಒಂದೇ ಕೇಬಲ್ಲಿಗೆ ಜೋತುಬಿದ್ದಿರುತ್ತದೆ. ಎತ್ತಿದಾಗ ಎರಡು ಅಡಿ, ಇಳಿಸಿದಾಗ ಐದು ಅಡಿ ನೀರು ಬೇಕು. ನೆಲಕ್ಕೆ ತಾಗಿದರೆ ಹಿಂದಕ್ಕೆ ತಿರುಗಿ ಜಾರಿಕೊಳ್ಳುತ್ತದೆ. ನಮ್ಮ ಕೊಲ್ಲಿಗೆ ಇದು ದೊಡ್ಡ ಗುಣ. ಆದರೆ ಆ ಕೇಬಲ್ ಸವೆದು ತುಂಡಾದರೆ ಅಷ್ಟು ಕಬ್ಬಿಣ ಒಮ್ಮೆಗೇ ಕೆಳಗೆ ಬೀಳುತ್ತದೆ. ಹಳೆಯದನ್ನು ಕೊಳ್ಳುವವರು ಆ ಪಿನ್ನನ್ನೂ ಅದನ್ನು ಹಿಡಿದಿರುವ ಬೋಲ್ಟುಗಳನ್ನೂ ಟಾರ್ಚ್ ಹಿಡಿದು ನೋಡಬೇಕು, ಕೇಬಲ್ಲಿನ ಉದ್ದಕ್ಕೂ ಬಟ್ಟೆ ಸವರಬೇಕು. ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾತ್ರ ಸವರಬೇಡಿ.

ರೋಜರ್ ಮ್ಯಾಕ್‌ಗ್ರೆಗರ್ ಅವರ 26 ಅಡಿಯ ದೋಣಿಗಳು ಮಗುಚದಂತೆ ತಳದಲ್ಲಿಡುವ ಅಡಿಭಾರಕ್ಕೆ ನೀರನ್ನೇ ಬಳಸುತ್ತವೆ. ರಸ್ತೆಯಲ್ಲಿ ಟ್ಯಾಂಕ್ ಖಾಲಿ, ದೋಣಿ ಹಗುರ. ಇಳಿಸಿದ ಮೇಲೆ ಟ್ಯಾಂಕ್ ತುಂಬಿಸಿಕೊಳ್ಳುತ್ತೀರಿ. ಯೋಚನೆ ಚೆನ್ನಾಗಿದೆ. ಆದರೆ ಟ್ಯಾಂಕ್ ಖಾಲಿ ಇರುವಾಗ ಹಾಯಿ ಏರಿಸಿದರೆ ದೋಣಿ ಮಗುಚಬಹುದು ಎಂಬುದನ್ನು ಜೊತೆಯಲ್ಲಿ ಬರುವ ಪ್ರತಿಯೊಬ್ಬರಿಗೂ ಹೇಳಿಡಬೇಕಾಗುತ್ತದೆ.

ಸಣ್ಣ ದೋಣಿ ಎಂದರೆ ಭಯ ಎನ್ನುವವರಿಗೆ ಒಂದು ಮಾತು. 1965ರಲ್ಲಿ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದರ ಉಪಸಂಪಾದಕ ರಾಬರ್ಟ್ ಮ್ಯಾನ್ರಿ ಹದಿಮೂರೂವರೆ ಅಡಿಯ ಹಳೆಯ ದೋಣಿಗೆ ಕೈಯಾರೆ ಕ್ಯಾಬಿನ್ ಕಟ್ಟಿಕೊಂಡು, 78 ದಿನಗಳಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದರು. ಅದನ್ನು ನಾವು ಅನುಕರಿಸಬೇಕಿಲ್ಲ. ದೋಣಿಯನ್ನು ಕಾಯುವುದು ಅಳತೆಗಿಂತ ಹೆಚ್ಚಾಗಿ ಸಿದ್ಧತೆ ಎಂಬುದಕ್ಕಷ್ಟೇ ಅವರನ್ನು ನೆನೆದೆ.

ಹಳೆಯ ದೋಣಿಯನ್ನು ನೋಡಲು ಹೋದಾಗ ಒಂದು ಸ್ಕ್ರೂಡ್ರೈವರ್ ಒಯ್ಯಿರಿ. ಅದರ ಹಿಡಿಯಿಂದ ಡೆಕ್ಕನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಫೈಬರ್ ಪದರಗಳ ನಡುವಿನ ಮರ ಗಟ್ಟಿಯಾಗಿದ್ದರೆ ಒಣಗಿದ ತೆಂಗಿನಕಾಯಿ ತಟ್ಟಿದಂತೆ ಟಕ್ಕೆನ್ನುತ್ತದೆ. ನೀರು ಇಳಿದು ಕೊಳೆತಿದ್ದರೆ ದಬ್ಬೆಂದು ಮಂಕಾಗುತ್ತದೆ. ಕೂವೆಕಂಬದ ಬುಡದಲ್ಲಿ, ತಂತಿಗಳು ಡೆಕ್ಕನ್ನು ಹಿಡಿದಿರುವ ಜಾಗಗಳಲ್ಲಿ ಎರಡು ಸಲ ತಟ್ಟಿ. ಟ್ರೇಲರನ್ನೂ ಅಷ್ಟೇ ಗಮನದಿಂದ ನೋಡಿ: ಟೈರಿನ ಮೇಲ್ಮೈ ಹೊಸದರಂತಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟಿದ್ದರೆ ಅದು ಮುಗಿದ ಟೈರು. ದೂರ ಎಳೆದು ತಂದ ಕೂಡಲೇ, ಬಿಸಿಯಾದ ಚಕ್ರದ ಗುಂಬವನ್ನು ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ, ಬೇರಿಂಗು ಹಾಳಾಗುತ್ತದೆ. ಕೂವೆಕಂಬ ಎತ್ತುವ ಹೊತ್ತಿನಲ್ಲಿ ಅದು ಆರಲಿ.

ಕೂವೆಕಂಬ ಎತ್ತುವ ಮುನ್ನ ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡಿ. ಕಂಬ ಎತ್ತಿದ ಮೇಲೆ, ದೋಣಿಯನ್ನು ರ್‍ಯಾಂಪಿನತ್ತ ಎಳೆಯುವ ಮುನ್ನ, ದಾರಿಯುದ್ದಕ್ಕೂ ಇನ್ನೊಮ್ಮೆ ನೋಡಿ. ಇಪ್ಪತ್ತೈದು ಅಡಿಯ ಅಲ್ಯೂಮಿನಿಯಂ ಕಂಬ ಅದು. ಈ ಹವ್ಯಾಸದಲ್ಲಿ ನಾನು ಅತ್ಯಂತ ಹೆದರುವುದು ಇದಕ್ಕೇ.

ಕೊನೆಯದಾಗಿ, ಹಣ ಕೊಡುವ ಮುನ್ನ ಮಾರುವವರ ಅಂಗಳದಲ್ಲೇ ಕೂವೆಕಂಬವನ್ನು ಒಮ್ಮೆ ಎತ್ತಿಸಿ ನೋಡಿ. ಮೊದಲ ಸಲ ಅವರು ಎತ್ತಲಿ, ನೀವು ಗಡಿಯಾರ ನೋಡಿ. ಎರಡನೆಯ ಸಲ ನಿಮ್ಮ ಮನೆಯವರೊಡನೆ ನೀವೇ ಎತ್ತಿ. ನಾನು ಈಗ ಇಟ್ಟುಕೊಂಡಿರುವ 17 ಅಡಿಯ ದೋಣಿಯನ್ನು ಕೊಂಡದ್ದು ಹಾಗೆಯೇ: ನಾನು ತಂತಿ ಹಿಡಿದು ನಿಂತಿದ್ದೆ, ಆಗ ಹದಿನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ಕಂಬವನ್ನು ಹೆಗಲ ಮೇಲಿಟ್ಟುಕೊಂಡು ನಡೆಯುತ್ತ ನೇರ ನಿಲ್ಲಿಸಿಬಿಟ್ಟಳು. ಅದರ ಕ್ಯಾಬಿನ್ನಿನಲ್ಲಿ ಸರಿಯಾಗಿ ಮಲಗಬಹುದಾದವರು ಇಬ್ಬರು ಮಾತ್ರ. ಉಳಿದಿಬ್ಬರು ಮೇಲೆ, ಕೂತು ದೋಣಿ ನಡೆಸುವ ತೆರೆದ ಜಾಗವಾದ ಕಾಕ್‌ಪಿಟ್ಟಿನಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತೇವೆ. ಕಳೆದ ಬೇಸಿಗೆಯಲ್ಲಿ ಹಾಗೆ ಹತ್ತೊಂಬತ್ತು ರಾತ್ರಿ ನೀರಿನ ಮೇಲೆ ಕಳೆದೆವು.